ಟ್ರೆಬಲ್ ಸೊನ್ನೆಗೆ ಇಟ್ಟರೂ ಗಿಟಾರಿನ ಟ್ಯೂಬ್ ಆಂಪ್ ಕಿವಿಗೆ ಚುಚ್ಚುತ್ತದೆ. 70ರ ದಶಕದ ರಾಕ್ ದನಿ ತರುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. 40 ವ್ಯಾಟಿನ ಸೆಕೆಂಡ್ ಹ್ಯಾಂಡ್ ಟ್ಯೂಬ್ ಕಾಂಬೊ (ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ), ಅದರಲ್ಲಿ 12 ಇಂಚಿನ ಒಂದೇ ಸ್ಪೀಕರ್, ಕೈಯಲ್ಲಿ ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಬಗೆಯ ಗಿಟಾರ್), ಬಳ್ಳಾರಿಯಲ್ಲಿ ಬಂಡೆ ಹಾಸಿದ 10x12 ಅಡಿ ಕೋಣೆ, ಮನೆಯವರಿಗೆ ತೊಂದರೆ ಆಗಬಾರದೆಂದು ವಾಲ್ಯೂಮ್ 2ರಲ್ಲಿ. ಟ್ರೆಬಲ್ ಪೂರ್ತಿ ಇಳಿಸಿದರೆ ದನಿ ಮಂಕಾಯಿತೇ ಹೊರತು ಮೊನಚು ಹೋಗಲಿಲ್ಲ ಅಂದಿದ್ದೀರಿ. ಇಷ್ಟರಲ್ಲಿ ಕಳ್ಳ ಅಂದರೆ ಆ ‘ವಾಲ್ಯೂಮ್ 2’. ಟ್ರೆಬಲ್ ನಾಬ್‌ದು ಇದರಲ್ಲಿ ಅಂಥಾ ಪಾತ್ರವೇನಿಲ್ಲ.

ಬಹಳಷ್ಟು ಗಿಟಾರ್ ಆಂಪ್‌ಗಳಲ್ಲಿ ವಾಲ್ಯೂಮ್ ಅಥವಾ ಗೇನ್ (ದನಿ ಎಷ್ಟು ಒಡೆಯಬೇಕೆಂಬ ಹಿಡಿತ) ಪಾಟ್‌ನ, ಅಂದರೆ ನಾಬ್ ತಿರುಗಿಸಿದಂತೆ ಪ್ರತಿರೋಧ ಬದಲಿಸುವ ಭಾಗದ, ಸಿಗ್ನಲ್ ಬರುವ ಕಾಲಿಗೂ ನಡುಗಾಲಿಗೂ ಸೇರಿಸಿ ಒಂದು ಪುಟ್ಟ ಕೆಪಾಸಿಟರ್ ಹಾಕಿರುತ್ತಾರೆ. ಅದೇ ಬ್ರೈಟ್ ಕ್ಯಾಪ್. ಪಾಟ್ ಕೆಳಗಿದ್ದಾಗ ಬೇಸು, ಮಿಡ್ಡು ಎರಡೂ ಅದರ ಪ್ರತಿರೋಧ ದಾಟಿಕೊಂಡೇ ಬರಬೇಕು, ಸೊರಗಿಯೇ ಬರುತ್ತವೆ. ಮೇಲಿನ ಕಂಪನಗಳು ಮಾತ್ರ ಕೆಪಾಸಿಟರ್ ಹಿಡಿದು ಅಡ್ಡದಾರಿಯಲ್ಲಿ ಪೂರ್ತಿ ಬಲದಲ್ಲಿ ನುಗ್ಗುತ್ತವೆ. 1 ಮೆಗಾಓಮ್ ಲಾಗ್ ಪಾಟ್ 2-3ರಲ್ಲಿದ್ದರೆ ದಾರಿಯಲ್ಲಿ ಸುಮಾರು 900 ಕಿಲೋಓಮ್ ಇರುತ್ತದೆ. ಜೊತೆಗಿರುವ ಕ್ಯಾಪ್ 120 ಪಿಕೋಫ್ಯಾರಡ್ ಆದರೆ ಏರಿಕೆ ಸುಮಾರು 1.5 ಕಿಲೋಹರ್ಟ್ಸ್‌ನಿಂದ ಶುರು. 1000 ಪಿಕೋ ಆದರೆ 180 ಹರ್ಟ್ಸ್‌ನಿಂದಲೇ ಶುರು, ಅಂದರೆ ಬೇಸ್ ಒಂದು ಬಿಟ್ಟು ಉಳಿದದ್ದೆಲ್ಲ ಮೇಲೆ. ಅದೇ ಪಾಟ್ 10ಕ್ಕೆ ಹೋದಾಗ ಎರಡು ಕಾಲೂ ಕೂಡಿಬಿಡುವುದರಿಂದ ಕ್ಯಾಪ್ ಇದ್ದೂ ಇಲ್ಲದಂತೆ.

ಆ ಕಾಲದ ರೆಕಾರ್ಡುಗಳಲ್ಲಿ ಅಷ್ಟು ದುಂಡಗೆ ಕೇಳುವ ಮಾರ್ಷಲ್ ಸೂಪರ್ ಲೀಡ್ ನಿಮ್ಮ ಆಂಪ್‌ಗಿಂತ ಮೊನಚಿನ ಯಂತ್ರ. (ಅದರ ಮಾಡೆಲ್ ನಂಬರ್ 1959 ಅಂತ ಇದ್ದರೂ ಮಾರುಕಟ್ಟೆಗೆ ಬಂದದ್ದು 1965ರಲ್ಲಿ.) 60ರ ದಶಕದ ಕೊನೆಯ ಹೊತ್ತಿಗೆ ಅದರ ಬ್ರೈಟ್ ಚಾನೆಲ್‌ನಲ್ಲಿದ್ದ ಕ್ಯಾಪ್ ಸುಮಾರು 5000 ಪಿಕೋದ್ದು. ನುಡಿಸುವವರು ವಾಲ್ಯೂಮ್ 7-8ಕ್ಕೆ ಏರಿಸಿ ಗಿಟಾರಿನ ನಾಬ್ ಇಳಿಸುತ್ತಿದ್ದುದರಿಂದ ಆ ಕ್ಯಾಪ್‌ನ ಕಾಟ ಕೇಳಿಸಲಿಲ್ಲ. ನೀವು ಮಾಡಬೇಕಾದ್ದೂ ಅದನ್ನೇ, ಸದ್ದು ಮಾತ್ರ ಕಮ್ಮಿ ಇರಬೇಕು.

ಆಂಪ್‌ನಲ್ಲಿ ಬ್ರೈಟ್ ಸ್ವಿಚ್ ಇದ್ದರೆ ಮೊದಲು ಆಫ್ ಮಾಡಿ. ಮಾಸ್ಟರ್ (ಒಟ್ಟು ಸದ್ದನ್ನು ಕೊನೆಯಲ್ಲಿ ಇಳಿಸುವ ನಾಬ್) ಇದ್ದರೆ ಅದನ್ನು 1ಕ್ಕೆ ಇಳಿಸಿ, ಚಾನೆಲ್ ವಾಲ್ಯೂಮ್ 5-6ಕ್ಕೆ ಏರಿಸಿ. ಕ್ಲೀನ್ ಚಾನೆಲ್‌ಗೆ ಮಾಸ್ಟರ್ ಇಲ್ಲದ ಕಾಂಬೊಗಳೇ ಹೆಚ್ಚು. ಹಾಗಿದ್ದಾಗ, ಹಿಂದೆ ಎಫೆಕ್ಟ್ಸ್ ಲೂಪ್ (ಮುಂಭಾಗಕ್ಕೂ ಪವರ್ ವಿಭಾಗಕ್ಕೂ ನಡುವೆ ಪೆಡಲ್ ಸೇರಿಸುವ ಜಾಕ್‌ಗಳು) ಇದ್ದರೆ ಅದಕ್ಕೊಂದು ಈಕ್ಯೂ ಪೆಡಲ್ (ಬೇರೆ ಬೇರೆ ಕಂಪನಗಳನ್ನು ಏರಿಸಿ ಇಳಿಸುವಂಥದ್ದು) ಸಿಕ್ಕಿಸಿ, ಅದರ ಲೆವೆಲ್ ಕಡ್ಡಿ ಕೆಳಗೆಳೆದರೆ ಅದೇ ಮಾಸ್ಟರ್ ಆಗುತ್ತದೆ. ಬಾಸ್ ಜಿಇ-7ರಲ್ಲಿ ಈ ಕಡ್ಡಿ 15 ಡೆಸಿಬೆಲ್‌ವರೆಗೆ ಇಳಿಯುತ್ತದೆ. ಅದೇ ಪೆಡಲ್‌ನಲ್ಲಿ 3.2 ಕಿಲೋಹರ್ಟ್ಸ್ ಕಡ್ಡಿ 5-6 ಡೆಸಿಬೆಲ್, 6.4ರದ್ದು 8-10 ಡೆಸಿಬೆಲ್ ಇಳಿಸಿ, 800ರದ್ದು 2-3 ಏರಿಸಿ. ಈ ಪೆಡಲ್ ಆಂಪ್‌ನ ಮುಂದೆ ಇಟ್ಟರೆ ಇದೇ ಫಲ ಸಿಗುವುದಿಲ್ಲ. ದನಿ ಒಡೆದಾಗ ಹೊಸ ಹಾರ್ಮೋನಿಕ್ಸ್ (ಮೂಲ ದನಿಯ ಮೇಲಿನ ಕಂಪನಗಳು) ಹುಟ್ಟುತ್ತವೆ, ಆ ಕಿರ್ರೆನ್ನುವ ಸದ್ದೇ ಅದು. ಮುಂದೆ ಕತ್ತರಿಸಿದರೆ ಒಡೆಯುವ ಬಗೆ ಬದಲಾಗುತ್ತದೆ, ಒಡೆದ ಮೇಲೆ ಹುಟ್ಟಿದ್ದನ್ನು ಕತ್ತರಿಸಲು ಲೂಪೇ ಬೇಕು.

ಟೋನ್ ನಾಬ್‌ಗಳ ಮಾತು. ಟ್ರೆಬಲ್, ಮಿಡ್, ಬೇಸ್ ಮೂರೂ ಒಂದೇ ಜಾಲದಲ್ಲಿ ಕೂತಿವೆ, ಒಂದನ್ನು ಮುಟ್ಟಿದರೆ ಇನ್ನೆರಡು ಅಲುಗುತ್ತವೆ. ಫೆಂಡರ್ ಬಗೆಯ ಜಾಲದಲ್ಲಿ ಎಲ್ಲ 5ರಲ್ಲಿದ್ದರೂ 400-500 ಹರ್ಟ್ಸ್ ಸುತ್ತ ದೊಡ್ಡ ಹಳ್ಳ ಇರುತ್ತದೆ, ರಾಕ್ ಗಿಟಾರಿನ ಮೈ ಇರುವುದು ಅಲ್ಲೇ ಆಸುಪಾಸು. ಮಿಡ್ 8, ಟ್ರೆಬಲ್ 3-4, ಬೇಸ್ 3ರಿಂದ ಶುರು ಮಾಡಿ. ಮೇಲಿನ ಕಂಪನಗಳನ್ನೇ ಎತ್ತುವ ಪ್ರೆಸೆನ್ಸ್ ನಾಬ್ ಈ ಜಾಲದಲ್ಲಿ ಇಲ್ಲ, ಪವರ್ ವಿಭಾಗದ ಫೀಡ್‌ಬ್ಯಾಕ್‌ನಲ್ಲಿದೆ. ಟ್ರೆಬಲ್ ಸೊನ್ನೆಗೆ ಇಟ್ಟವರು ಬಹಳ ಮಂದಿ ಇದನ್ನು 5ರಲ್ಲೇ ಬಿಟ್ಟಿರುತ್ತಾರೆ. ಸೊನ್ನೆಗೆ ತನ್ನಿ, ಬೇಕೆನಿಸಿದರೆ ಆಮೇಲೆ ಏರಿಸಿ. ಗೇನ್ ಕೂಡ ನೀವಂದುಕೊಂಡದ್ದಕ್ಕಿಂತ ಕಮ್ಮಿ ಸಾಕು. ಕಾರ್ಡ್ ಹೊಡೆದಾಗ ಪ್ರತಿ ತಂತಿ ಬೇರೆ ಬೇರೆಯಾಗಿ ಕೇಳಬೇಕು, ಅದು ಕಲಸಿಹೋದರೆ ಗೇನ್ ಹೆಚ್ಚಾಯಿತು ಅಂತಲೇ ಲೆಕ್ಕ.

ಈಗ ಗಿಟಾರ್. ಹಳೇ ಮಾದರಿಯ ಸ್ಟ್ರಾಟ್ ವೈರಿಂಗ್‌ನಲ್ಲಿ ಟೋನ್ ನಾಬ್ ಒಂದು ನೆಕ್ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಸುರುಳಿಯೇ ಪಿಕಪ್; ನೆಕ್ ಅಂದರೆ ಕತ್ತಿನ ಕಡೆಯದು, ಬ್ರಿಜ್ ಅಂದರೆ ತಂತಿಯ ಬುಡದ ಕಡೆಯದು), ಇನ್ನೊಂದು ನಡುವಿನದಕ್ಕೆ; ಎಲ್ಲಕ್ಕಿಂತ ಚೂಪಾದ ಬ್ರಿಜ್ ಪಿಕಪ್‌ಗೆ ಟೋನೇ ಇಲ್ಲ! ಬ್ರಿಜ್‌ನಲ್ಲಿ ನುಡಿಸುತ್ತ ಎರಡೂ ಟೋನ್ ತಿರುಗಿಸಿ ನೋಡಿ. ಏನೂ ಬದಲಾಗದಿದ್ದರೆ ನಿಮ್ಮದು ಆ ವೈರಿಂಗೇ. ಪಿಕ್‌ಗಾರ್ಡ್ ಎತ್ತಿ, ಐದು ಸ್ಥಾನದ ಸ್ವಿಚ್‌ನಲ್ಲಿ ಟೋನ್ ಕಡೆಯ ಸಾಲಿನ ಖಾಲಿ ಇರುವ ಬ್ರಿಜ್ ಕಾಲಿನಿಂದ ಪಕ್ಕದ ನಡು ಪಿಕಪ್ ಕಾಲಿಗೆ ಒಂದಿಂಚು ತಂತಿ ಬೆಸುಗೆ ಹಾಕಿದರೆ ಎರಡನೇ ಟೋನ್ ಬ್ರಿಜ್‌ಗೂ ಕೆಲಸ ಮಾಡುತ್ತದೆ. ಅದನ್ನು 5-6ರಲ್ಲಿ ಇಡಿ. ಇದಕ್ಕೆ ಐದು ರೂಪಾಯಿಯೂ ಖರ್ಚಿಲ್ಲ, ಸ್ಟ್ರಾಟ್ ಇರುವ ಯಾರಾದರೂ ಮೊದಲು ಮಾಡಬೇಕಾದ ಕೆಲಸ ಇದು ಅನ್ನುವುದು ನನ್ನ ಅಭಿಪ್ರಾಯ. ಬ್ರಿಜ್ ಪಿಕಪ್‌ನ ತೆಳು ತಂತಿ ಕಡೆಯ ಸ್ಕ್ರೂ ಒಂದೂವರೆ ಸುತ್ತು ಇಳಿಸಿದರೂ ಸ್ವಲ್ಪ ಹದ ಬರುತ್ತದೆ.

ಕೇಬಲ್ ವಿಷಯ ಜನ ನಂಬುವುದಿಲ್ಲ, ಆದರೆ ಲೆಕ್ಕ ಸರಳ. ಸಾಧಾರಣ ಗಿಟಾರ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಇದು ಪಿಕಪ್‌ನ ಸುರುಳಿಯೊಂದಿಗೆ ಸೇರಿ ಒಂದು ಅನುರಣನದ ಗುಡ್ಡ ಕಟ್ಟುತ್ತದೆ. ಸ್ಟ್ರಾಟ್ ಪಿಕಪ್‌ಗೆ 3 ಮೀಟರ್ ಕೇಬಲ್ ಹಾಕಿದರೆ ಗುಡ್ಡ ಹೆಚ್ಚುಕಮ್ಮಿ 5 ಕಿಲೋಹರ್ಟ್ಸ್‌ನಲ್ಲಿ, 6 ಮೀಟರ್ ಹಾಕಿದರೆ 4ರ ಕೆಳಗೆ; ಗುಡ್ಡ ಕೆಳಗಿಳಿದಷ್ಟೂ ಅದರಾಚೆಯ ಮೊನಚು ಕಮ್ಮಿ. ನಡುವೆ ಬಫರ್ ಇರುವ ಪೆಡಲ್ ಬಂದರೆ ಅಲ್ಲಿಂದ ಮುಂದಿನ ಕೇಬಲ್‌ನ ಪರಿಣಾಮ ಪಿಕಪ್‌ಗೆ ತಾಕುವುದಿಲ್ಲ, ಹಾಗಾಗಿ ಉದ್ದದ ಕೇಬಲ್ ಗಿಟಾರಿನಿಂದ ಮೊದಲ ಪೆಡಲ್‌ವರೆಗೇ ಇರಬೇಕು. ಉದ್ದದ ಕೇಬಲ್ ಕಾಲಿಗೆ ತೊಡರುತ್ತದೆ ಅನ್ನುವುದಾದರೆ ಗಿಟಾರ್ ವಾಲ್ಯೂಮ್ ಪಾಟ್‌ನ ಸಿಗ್ನಲ್ ಕಾಲಿನಿಂದ ಅರ್ಥ್‌ಗೆ ಒಂದು 330 ಪಿಕೋ ಕೆಪಾಸಿಟರ್ ಹಾಕಿ, ಅದೇ ಕೆಲಸ ಆಗುತ್ತದೆ.

ನಿಮ್ಮ ಕೋಣೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಬಂಡೆ ಇಲ್ಲವೇ ಗ್ರಾನೈಟು, ಮೇಲೆ ಆರ್‌ಸಿಸಿ, ಸುತ್ತ ಗಿಲಾವು ಮಾಡಿದ ಗೋಡೆ. ಮೇಲಿನ ಕಂಪನ ಹೀರುವ ಒಂದು ವಸ್ತುವೂ ಇಲ್ಲ. ಸ್ಪೀಕರಿಗೆ ಎದುರಾದ ಗೋಡೆಗೆ ದಪ್ಪನೆಯ ಕೌದಿ ತೂಗುಹಾಕಿ, ಗೋಡೆಯಿಂದ ನಾಲ್ಕೈದು ಇಂಚು ಬಿಟ್ಟು. ಅಂಟಿಸಿದಂತೆ ಹಾಕಿದರೆ ಅರ್ಧ ಕೆಲಸವೂ ಆಗದು. ನಿಮಗೂ ಆಂಪ್‌ಗೂ ನಡುವೆ ನೆಲಕ್ಕೊಂದು ಕಂಬಳಿ. ಬಳ್ಳಾರಿಯಲ್ಲಿದ್ದೀರಿ, ಜೀನ್ಸ್ ಹೊಲಿಯುವ ಘಟಕಗಳಿಂದ ಕತ್ತರಿಸಿದ ತುಂಡು ಬಟ್ಟೆ ಕೇಳಿ ತಂದು ಎರಡು ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ ಮೂಲೆಗೆ ನಿಲ್ಲಿಸಿ. ಮೊಟ್ಟೆಯ ಟ್ರೇ ಅಂಟಿಸಲು ಹೋಗಬೇಡಿ, ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇಲ್ಲ.

ಇನ್ನು ನೀವು ಕೂರುವ ಜಾಗ. 12 ಇಂಚಿನ ಕೋನ್ 1.5 ಕಿಲೋಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಚೆಲ್ಲುತ್ತದೆ. ಕುರ್ಚಿಯಲ್ಲಿ ಕೂತು ಎದುರಿಗೆ ಸ್ಟೂಲಿನ ಮೇಲೆ ಆಂಪ್ ಇಟ್ಟರೆ ಆ ಕಿರಣ ಸೀದಾ ಕಿವಿಗೆ. ಆಂಪ್ ನೆಲಕ್ಕಿಳಿಸಿ, ಹಿಂದಿನ ಗೋಡೆಯಿಂದ ಒಂದು ಅಡಿ ಬಿಡಿ. ನೆಲ, ಗೋಡೆ ಎರಡೂ ಬೇಸಿಗೆ ಬಲ ಕೊಡುತ್ತವೆ. ಕಿರಣವನ್ನೇ ಚದುರಿಸಬೇಕಾದರೆ ಗಾದಿ ಅಂಗಡಿಯಿಂದ ಒಂದಿಂಚು ದಪ್ಪದ ಫೋಮ್ ತಂದು ಸ್ಪೀಕರಿನ ಅಳತೆಗೆ ದುಂಡಗೆ ಕತ್ತರಿಸಿ, ನಡುವೆ ಮೂರಿಂಚಿನ ತೂತು ಮಾಡಿ, ಗ್ರಿಲ್ ಬಟ್ಟೆಯ ಮುಂದೆ ನಿಲ್ಲಿಸಿ. ತೂತು ಸ್ಪೀಕರಿನ ನಡುಗುಬ್ಬಿಗೆ (ನಡುವೆ ಉಬ್ಬಿರುವ ಡಸ್ಟ್ ಕ್ಯಾಪ್) ಸರಿಯಾಗಿ ಬರಬೇಕು. ಬದಿಯ ದನಿಗೂ ಎದುರಿನ ದನಿಗೂ ಇದ್ದ ಅಂತರ ಬಹಳ ಇಳಿಯುತ್ತದೆ.

ಇಷ್ಟಾದರೂ ಸಾಲದಿದ್ದರೆ ಸ್ಪೀಕರ್ ಬದಲಿಸಬಹುದು. ಎಲ್ಲರೂ ಸೆಲೆಶನ್ ಗ್ರೀನ್‌ಬ್ಯಾಕ್ ಅನ್ನುತ್ತಾರೆ, 5 ಕಿಲೋಹರ್ಟ್ಸ್ ಆಚೆಗೆ ಅದು ಬೇಗ ಇಳಿಯುವುದೂ ನಿಜ. ಆದರೆ ಅದರ ತಾಳಿಕೆ 25 ವ್ಯಾಟ್. ನಿಮ್ಮ 40 ವ್ಯಾಟಿಗೆ ಒಂದೇ ಒಂದು ಹಾಕಿದರೆ ವೇದಿಕೆ ಮೇಲೆ ಕಾಯಿಲ್ ಸುಟ್ಟೀತು. ಅದೇ ಗುಣದ 65 ವ್ಯಾಟಿನ ಕ್ರೀಮ್‌ಬ್ಯಾಕ್ ಸೂಕ್ತ, ಓಮ್ಸ್ ಮಾತ್ರ ಹಳೆಯದಕ್ಕೆ ಸಮ ಇರಲಿ. ಟ್ಯೂಬ್ ಬದಲಿಸಿ ಮೊನಚು ತೆಗೆಯುತ್ತೇನೆ ಅಂತ ದುಡ್ಡು ಹಾಕಬೇಡಿ.

ಬ್ರೈಟ್ ಕ್ಯಾಪ್ ಕೀಳುವುದು ಕೊನೆಯ ದಾರಿ. ಪ್ಲಗ್ ಕಿತ್ತಿಟ್ಟ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಮೇಲೆ ನಿಂತಿರಬಹುದು, ಜೀವಕ್ಕೇ ಅಪಾಯ. ಟ್ಯೂಬ್ ಆಂಪ್ ಬಿಚ್ಚಿ ಅಭ್ಯಾಸ ಇಲ್ಲದಿದ್ದರೆ ವಾಲ್ವ್ ರೇಡಿಯೊ ಕಾಲದ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಕೆಲಸ ಇಷ್ಟೇ: 10 ಕಿಲೋಓಮ್ 5 ವ್ಯಾಟಿನ ರೆಸಿಸ್ಟರ್‌ಗೆ ಇನ್ಸುಲೇಷನ್ ಇರುವ ಕ್ಲಿಪ್ ಹಾಕಿ ಪ್ರತಿ ಫಿಲ್ಟರ್ ಕೆಪಾಸಿಟರನ್ನು ಷಾಸಿಗೆ ಹಿಡಿದು ಖಾಲಿ ಮಾಡುವುದು, ಮೀಟರ್‌ನಲ್ಲಿ ಐದಾರು ವೋಲ್ಟಿಗಿಂತ ಕೆಳಗೆ ಬಂತೆಂದು ನೋಡುವುದು, ಆಮೇಲೆ ವಾಲ್ಯೂಮ್ ಪಾಟ್ ಹತ್ತಿರದ ಪುಟ್ಟ ಕ್ಯಾಪ್‌ನ ಒಂದೇ ಕಾಲು ಬಿಡಿಸುವುದು. ಮೈಮೇಲೆ 101 ಅಂತಿದ್ದರೆ 100 ಪಿಕೋ, 121 ಅಂದರೆ 120, 102 ಅಂದರೆ 1000. 102 ಇದ್ದರೆ ತೆಗೆದು 100-120 ಹಾಕಿಸಿ. ಪೂರ್ತಿ ತೆಗೆದರೆ ಕಮ್ಮಿ ವಾಲ್ಯೂಮ್‌ನಲ್ಲಿ ಮಂಕು ಅನಿಸೀತು, ಆಗ ಮತ್ತೆ ಬೆಸೆಯಲು ಸುಲಭವಾಗಲೆಂದೇ ಒಂದೇ ಕಾಲು ಬಿಡಿಸಿ, ಇನ್ನೊಂದು ಹಾಗೇ ಇರಲಿ ಅಂದದ್ದು.

ಟಿವಿ ರಿಪೇರಿ ಅಂಗಡಿಯಲ್ಲಿ ಥಟ್ಟನೆ ಕೈಗೆ ಕೊಡುವ 50 ವೋಲ್ಟಿನ ಸೆರಾಮಿಕ್ ಬೇಡ, 500 ವೋಲ್ಟಿನ ಸಿಲ್ವರ್ ಮೈಕಾ ಕೇಳಿ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್ ಇಲ್ಲವೇ ಹೈದರಾಬಾದ್ ಕೋಠಿಯ ಗುಜರಾತಿ ಗಲ್ಲಿಯಲ್ಲಿ ವಿಚಾರಿಸಿ. ಕೋಣೆಯ ಪ್ಲಗ್ ಪಾಯಿಂಟ್‌ಗೆ ಅರ್ಥ್ ನಿಜವಾಗಿಯೂ ಇದೆಯಾ ಅಂತ ಅದೇ ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ, ಟ್ಯೂಬ್ ಆಂಪ್‌ಗೆ ಎರಡು ಪಿನ್ನಿನ ಅಡಾಪ್ಟರ್ ಯಾವತ್ತೂ ಬೇಡ.

ಬ್ಯಾಂಡ್ ಜೊತೆ ಗಣೇಶನ ಪೆಂಡಾಲಿನಲ್ಲಿ ನುಡಿಸುವುದಿದೆ ಅಂದಿದ್ದೀರಲ್ಲ. ಮೈಕ್ ಸ್ಪೀಕರಿನ ನಡುಗುಬ್ಬಿಗೆ ನೇರ ಇಟ್ಟರೆ ಇಷ್ಟೂ ಶ್ರಮ ನೀರುಪಾಲು. ಗುಬ್ಬಿಯ ಅಂಚಿಗೂ ಕೋನಿನ ಅಂಚಿಗೂ ನಡುವೆ ಇಡಿಸಿ. ಮಿಕ್ಸರಿನವರು ‘ಹೈ ಇಳಿಸಿದೆ’ ಅಂತ ತಿರುಗಿಸುವ ನಾಬ್ ಸಾಮಾನ್ಯವಾಗಿ 10-12 ಕಿಲೋಹರ್ಟ್ಸ್‌ನದು, ಅಷ್ಟು ಮೇಲೆ ಗಿಟಾರ್ ಸ್ಪೀಕರಿಂದ ಬರುವುದೇ ಅತ್ಯಲ್ಪ. ಮಿಡ್ ನಾಬ್‌ನ ಫ್ರೀಕ್ವೆನ್ಸಿಯನ್ನು 3 ಕಿಲೋಹರ್ಟ್ಸ್‌ಗೆ ತಂದು 4-5 ಡೆಸಿಬೆಲ್ ಇಳಿಸಲು ಹೇಳಿ. ಆಂಪ್‌ನ ಮಾಡೆಲ್ ನಂಬರ್ ಮತ್ತು ಹಿಂದಿನ ಪ್ಯಾನೆಲ್‌ನ ಫೋಟೊ ಹಾಕಿದರೆ ಲೂಪ್ ಇದೆಯೋ ಇಲ್ಲವೋ, ಕ್ಯಾಪ್ ಎಲ್ಲಿ ಕೂತಿದೆ ಅನ್ನುವುದನ್ನು ನೋಡಿ ಹೇಳುತ್ತೇನೆ.