ಓದುಗರ ಪ್ರಶ್ನೆಗೆ ಉತ್ತರ: ನ್ಯೂಟ್ರಲ್ ರಿಲೇ ನಿಮ್ಮ ಟಿವಿನ ಕಾಯಲ್ಲ

ಪ್ರಶ್ನೆ: ಮಳೆ ಗಾಳಿ ಬಂದ್ರೆ ಸಾಕು, ನಮ್ಮೂರಲ್ಲಿ ಕರೆಂಟ್ ಹೋಗುತ್ತೆ. ಲೈನ್‌ಮ್ಯಾನ್ ಕೇಳಿದ್ರೆ ಅರ್ಥ್ ಫಾಲ್ಟ್ (ಕರೆಂಟು ಭೂಮಿಗೆ ಸೋರೋದು) ಆಗಿ ಫೀಡರ್ (ಊರಿಗೆ ಬರೋ ಲೈನ್) ಟ್ರಿಪ್ ಆಗಿದೆ, ನ್ಯೂಟ್ರಲ್ ರಿಲೇ ಆಪರೇಟ್ ಆಗಿದೆ ಅಂತಾರೆ. ಎಲ್ಲೋ ತೋಟದಲ್ಲಿ ತೆಂಗಿನ ಗರಿ ಬಿದ್ದಿದ್ದು ಸಬ್‌ಸ್ಟೇಷನ್ನಲ್ಲಿರೋ ರಿಲೇಗೆ ಹೆಂಗೆ ಗೊತ್ತಾಗುತ್ತೆ ಸಾರ್?
- ಓದುಗರು, ತಿಪಟೂರು

ಉತ್ತರ: ರಿಲೇ ಅಂದ್ರೆ ಕರೆಂಟ್ ನೋಡ್ತಾ ಇದ್ದು, ತಪ್ಪಿದ್ರೆ ಲೈನ್ ಕಟ್ ಮಾಡೋಕೆ ಹೇಳೋ ಸಾಧನ. ಅದಕ್ಕೆ ಗರಿಗಿರಿ ಏನೂ ಗೊತ್ತಾಗಲ್ಲ, ಕೂಡೋ ಲೆಕ್ಕ ಒಂದೇ ಗೊತ್ತು. ನಿಮ್ಮೂರಿಗೆ ಬರೋ 11 ಕೆವಿ ಲೈನ್ ನೋಡಿ, ಮೂರೇ ತಂತಿ, ಕರೆಂಟು ವಾಪಸ್ ಬರೋ ನ್ಯೂಟ್ರಲ್ ತಂತಿ ಇರಲ್ಲ. ಸ್ಟೇಷನ್ನಲ್ಲಿ ಮೂರು ಫೇಸಿಗೂ ಒಂದೊಂದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿರ್ತಾರೆ, ಅವು ಲೈನಲ್ಲಿ ಹರಿಯೋ ನೂರಾರು ಆಂಪ್ಸನ್ನ 1 ಇಲ್ಲಾ 5 ಆಂಪ್ಸ್ ಅಳತೆಗೆ ಇಳಿಸಿ ರಿಲೇಗೆ ಕೊಡ್ತವೆ, ಆ ಮೂರೂ ಸಿಟಿಗಳ ವೈರು ಒಂದಾಗಿ ವಾಪಸ್ ಹೋಗೋ ಜಾಗದಲ್ಲಿ ಈ ನ್ಯೂಟ್ರಲ್ ರಿಲೇ ಕೂತಿರುತ್ತೆ. ಒಂದು ಫೇಸಲ್ಲಿ ಹೋದ ಕರೆಂಟು ಇನ್ನೆರಡರಲ್ಲಿ ವಾಪಸ್ ಬರಲೇಬೇಕು, ಬೇರೆ ದಾರಿನೇ ಇಲ್ವಲ್ಲ, ಹಂಗಾಗಿ ಮೂರನ್ನೂ ಕೂಡಿದ್ರೆ ಹೆಚ್ಚುಕಮ್ಮಿ ಸೊನ್ನೆ. ಊರಲ್ಲಿ ಒಂದು ಫೇಸಿಗೆ ಲೋಡ್ ಜಾಸ್ತಿ ಬಿದ್ದಿದ್ರೂ ಸೊನ್ನೆನೇ.

ಈಗ ಒದ್ದೆ ಗರಿ ತಂತಿಗೂ ಕಂಬದ ಕಬ್ಬಿಣಕ್ಕೂ ಅಡ್ಡ ಬಿತ್ತು ಅನ್ಕೊಳ್ಳಿ. ಒಂದಷ್ಟು ಕರೆಂಟು ಭೂಮಿಗಿಳಿದು, ಸ್ಟೇಷನ್ ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲನ್ನ ಅರ್ಥ್ ಮಾಡಿರ್ತಾರಲ್ಲ, ಅಲ್ಲಿಗೆ ಹೋಗಿ ಸೇರುತ್ತೆ. ಮೂರು ತಂತಿಯ ಲೆಕ್ಕದಲ್ಲಿ ಅಷ್ಟು ಕೊರತೆ ಬೀಳುತ್ತೆ, ಆ ಕೊರತೆನೇ ರಿಲೇಲಿ ಹರಿಯೋದು. ಸೆಟ್ಟಿಂಗ್ ದಾಟಿದ್ರೆ ಬ್ರೇಕರಿಗೆ (ಲೈನ್ ಕಟ್ ಮಾಡೋ ದೊಡ್ಡ ಸ್ವಿಚ್ಚಿಗೆ) ಟ್ರಿಪ್ ಕೊಡುತ್ತೆ, ಅಷ್ಟೇ.

ಇದರಲ್ಲಿ ನಂಗೆ ಇಷ್ಟವಾಗೋದು ಏನಂದ್ರೆ, ಓವರ್‌ಕರೆಂಟ್ ರಿಲೇನ (ತಂತಿಲಿ ಕರೆಂಟು ವಿಪರೀತ ಆದ್ರೆ ಟ್ರಿಪ್ ಕೊಡೋದು) ಲೋಡಿಗಿಂತ ಮೇಲೇ ಇಡಬೇಕು, ಇಲ್ಲಾಂದ್ರೆ ಸಂಜೆ ಪಂಪ್‌ಸೆಟ್ಟೆಲ್ಲ ಆನ್ ಆದ ತಕ್ಷಣ ಟ್ರಿಪ್ಪು. ನ್ಯೂಟ್ರಲ್ ರಿಲೇಗೆ ಆ ಚಿಂತೆ ಇಲ್ಲ. ಉದಾಹರಣೆಗೆ ಸಿಟಿ 200/1 (200 ಆಂಪ್ಸನ್ನ 1ಕ್ಕೆ ಇಳಿಸೋದು) ಇದ್ದು ಸೆಟ್ಟಿಂಗ್ 20 ಪರ್ಸೆಂಟ್ ಇಟ್ರೆ, ಲೈನಲ್ಲಿ 200 ಆಂಪ್ಸ್ ಓಡ್ತಿದ್ರೂ ಬರೀ 40 ಆಂಪ್ಸ್ ಭೂಮಿಗೆ ಹೋದ್ರೆ ಸಾಕು, ಹಿಡಿಯುತ್ತೆ.

ಆದ್ರೆ ಒಣ ನೆಲ, ಬಂಡೆ, ಡಾಂಬರ್ ರಸ್ತೆ ಮೇಲೆ ತಂತಿ ಕಡಿದು ಬಿದ್ರೆ ಭೂಮಿಗೆ ಹೋಗೋದು ಕೆಲವೇ ಆಂಪ್ಸ್ ಆಗಿರಬಹುದು, ಆಗ ರಿಲೇ ಸುಮ್ನೆ ಇದ್ದುಬಿಡುತ್ತೆ. ಬಿದ್ದ ತಂತಿಲಿ ಕಿಡಿ ಹಾರ್ತಿಲ್ಲ, ಟ್ರಿಪ್ ಆಗಿರ್ಬೇಕು ಬಿಡು ಅಂತ ಹತ್ರ ಹೋಗೋದು, ದನ ಬಿಡೋದು ಮಾತ್ರ ಮಾಡ್ಬೇಡಿ.

ಪ್ರಶ್ನೆ: ಟಿಸಿಲಿ (ಬೀದಿ ಟ್ರಾನ್ಸ್‌ಫಾರ್ಮರಲ್ಲಿ) ನ್ಯೂಟ್ರಲ್ ಕಟ್ಟಾಗಿ ನಮ್ಮ ಬೀದಿಲಿ ಮೂರು ಮನೆ ಟಿವಿ ಸುಟ್ಟೋಯ್ತು. ನ್ಯೂಟ್ರಲ್ ರಿಲೇ ಏನ್ ಮಾಡ್ತಿತ್ತು?
- ಓದುಗರು, ಹಾಸನ

ಉತ್ತರ: ಪಾಪ, ಅದಕ್ಕೆ ಸುದ್ದಿನೇ ಮುಟ್ಟಿರಲ್ಲ. ನಿಮ್ಮ ಬೀದಿ ಟಿಸಿಗೆ 11 ಕೆವಿ ಕಡೆ ಡೆಲ್ಟಾ (ಮೂರೇ ತಂತಿ, ನ್ಯೂಟ್ರಲ್ ಇಲ್ಲ), ಮನೆ ಕಡೆ ಸ್ಟಾರ್ (ಮೂರು ಫೇಸ್ ಜೊತೆ ನ್ಯೂಟ್ರಲ್). ಮನೆ ಕಡೆ ನ್ಯೂಟ್ರಲ್ ಕಟ್ಟಾದ್ರೂ 11 ಕೆವಿ ಕಡೆ ಮೂರು ತಂತಿಯ ಮೊತ್ತ ಸೊನ್ನೆನೇ ಇರುತ್ತೆ.

ಮನೆ ಕಡೆ ಏನಾಗುತ್ತೆ ಅಂದ್ರೆ, ಒಂದು ಫೇಸಿನ ಮನೆ ಇನ್ನೊಂದು ಫೇಸಿನ ಮನೆ ಜೊತೆ ಸೀರೀಸಲ್ಲಿ 400 ವೋಲ್ಟಿಗೆ ಸಿಕ್ಕಾಕ್ಕೊಳ್ಳುತ್ತೆ. ಎರಡೇ ಮನೆ ಅಂತ ಲೆಕ್ಕ ಹಾಕಿ: ಒಬ್ರು 2000 ವಾಟ್ ಗೀಸರ್ ಹಾಕಿದ್ದಾರೆ, ಇನ್ನೊಬ್ರು 100 ವಾಟಿನ ಟಿವಿ. ಗೀಸರ್ ರೆಸಿಸ್ಟೆನ್ಸ್ ಸುಮಾರು 26 ಓಮ್, ಟಿವಿದು 530ರ ಹತ್ರ. 400 ವೋಲ್ಟ್ ಹಂಚಿಕೊಂಡ್ರೆ ಗೀಸರಿಗೆ 20, ಟಿವಿಗೆ 380! ಕಮ್ಮಿ ಲೋಡ್ ಇದ್ದವರೇ ಸುಡಿಸ್ಕೊಳ್ಳೋದು, ಅನ್ಯಾಯ ಆದ್ರೂ ಲೆಕ್ಕ ಹಂಗೇ ಇದೆ.

ಮನೇಲಿರೋ ಎಂಸಿಬಿ (ಕರೆಂಟು ಜಾಸ್ತಿ ಆದ್ರೆ ಬೀಳೋ ಸ್ವಿಚ್ಚು) ಇದಕ್ಕೆ ಆಗಲ್ಲ. ಆರ್‌ಸಿಸಿಬಿನೂ ಆಗಲ್ಲ, ಅದು ಫೇಸಲ್ಲಿ ಹೋಗಿದ್ದು ನ್ಯೂಟ್ರಲ್ಲಲ್ಲಿ ವಾಪಸ್ ಬಂತಾ ಅಂತ ನೋಡಿ 30 ಮಿಲಿಆಂಪ್ಸ್ ವ್ಯತ್ಯಾಸ ಬಂದ್ರೆ ಕಟ್ ಮಾಡೋದು, ಶಾಕಿಂದ ಜೀವ ಉಳಿಸೋಕೆ ಬೇಕೇ ಬೇಕು, ಆದ್ರೆ ವೋಲ್ಟೇಜ್ ಎಷ್ಟಿದೆ ಅನ್ನೋದು ಅದಕ್ಕೆ ಬೇಕಿಲ್ಲ. ನಿಮಗೆ ಬೇಕಿರೋದು ಓವರ್ ವೋಲ್ಟೇಜ್ ಪ್ರೊಟೆಕ್ಟರ್, ಮೀಟರ್ ಆದ್ಮೇಲೆ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಒಂದು ಮನೇಲಿ ಬಲ್ಬ್ ಧಗಧಗ, ಪಕ್ಕದ ಮನೇಲಿ ಮಂಕು ಅಂದ್ರೆ ಯೋಚನೆ ಮಾಡ್ದೆ ಮೈನ್ ಆಫ್ ಮಾಡಿ.

ಪ್ರಶ್ನೆ: ನನ್ನ ಆಟೋಮ್ಯಾಟಿಕ್ ಕಾರು ಕೆಲವು ಸಲ ಸ್ಟಾರ್ಟೇ ಆಗಲ್ಲ, ಮೆಕ್ಯಾನಿಕ್ ನ್ಯೂಟ್ರಲ್ ರಿಲೇ ಹೋಗಿದೆ, ವೈರ್ ಡೈರೆಕ್ಟ್ ಮಾಡ್ಬಿಡ್ತೀನಿ ಅಂತಾನೆ. ಮಾಡಿಸ್ಲಾ?
- ಓದುಗರು, ಮೈಸೂರು

ಉತ್ತರ: ಬೇಡ. ಈ ನ್ಯೂಟ್ರಲ್ಲಿಗೂ ಆ ನ್ಯೂಟ್ರಲ್ಲಿಗೂ ಸಂಬಂಧ ಇಲ್ಲ, ಇದು ಗೇರಿಂದು. ಸ್ಟಾರ್ಟರ್ ಮೋಟರ್ ನೂರು ಆಂಪ್ಸಿಗೂ ಮೇಲೆ ಎಳೆಯುತ್ತೆ, ಕೀ ಅಷ್ಟನ್ನ ತಡೆಯಲ್ಲ, ಅದಕ್ಕೇ ನಡುವೆ ರಿಲೇ. ರಿಲೇ ಕಾಯಿಲಿಗೆ ಬೇಕಾಗೋ ಸಣ್ಣ ಕರೆಂಟನ್ನ ಗೇರ್ ಲಿವರ್ ಪಿ (ಪಾರ್ಕ್) ಇಲ್ಲಾ ನ್ಯೂಟ್ರಲ್ ಅನ್ನೋ ಎನ್‌ನಲ್ಲಿದ್ರೆ ಮಾತ್ರ ಬಿಡೋ ಸ್ವಿಚ್ಚೊಂದು ಗೇರ್‌ಬಾಕ್ಸ್ ಹತ್ರ ಇರುತ್ತೆ. ಬ್ರೇಕ್ ಒತ್ತಿ ಹಿಡ್ಕೊಂಡು ಪಿ ಬದಲು ಎನ್‌ಗೆ ಹಾಕಿ ಸ್ಟಾರ್ಟ್ ಮಾಡಿ ನೋಡಿ, ಆದ್ರೆ ರಿಲೇ ಸರಿ ಇದೆ, ಸ್ವಿಚ್ ಅಡ್ಜಸ್ಟ್‌ಮೆಂಟ್ ತಪ್ಪಿರಬೇಕು. ಎರಡರಲ್ಲೂ ಆಗ್ಲಿಲ್ಲ ಅಂದ್ರೆ ಫ್ಯೂಸ್ ಬಾಕ್ಸಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ರೆ ಅದಲುಬದಲು ಮಾಡಿ ನೋಡೋಕೆ ಹೇಳಿ.

ಬೈಕಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ತುಂಬಾ ಬೈಕಲ್ಲಿ ಹಸಿರು ಎನ್ ಲೈಟಿಗೆ ಅರ್ಥ್ ಕೊಡೋ ಸ್ವಿಚ್ಚೇ ಸ್ಟಾರ್ಟರ್ ರಿಲೇಗೂ ಅರ್ಥ್ ಕೊಡುತ್ತೆ, ಕ್ಲಚ್ ಹಿಡಿದ್ರೆ ಬೇರೆ ದಾರಿಲಿ ಅರ್ಥ್ ಸಿಗುತ್ತೆ, ಗೇರಲ್ಲಿದ್ರೂ ಸ್ಟಾರ್ಟ್ ಆಗುತ್ತೆ. ಕ್ಲಚ್ ಹಿಡಿದಾಗ ಹಸಿರು ಲೈಟ್ ಸುಳ್ಳೇ ಹತ್ತಬಾರದು ಅಂತ ನಡುವೆ ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಒಂದು ಡಯೋಡ್.

ನಿಮ್ಮ ಕಾರಲ್ಲಿ ವೈರ್ ಡೈರೆಕ್ಟ್ ಮಾಡಿದ್ರೆ ಡಿ (ಡ್ರೈವ್) ಗೇರಲ್ಲಿ ಕೀ ತಿರುಗಿಸಿದ ಕೂಡ್ಲೇ ಗಾಡಿ ಮುಂದಕ್ಕೆ ನುಗ್ಗುತ್ತೆ. ಹಳ್ಳಿ ಕಡೆ ಕೆಳಗೆ ನಿಂತ್ಕೊಂಡೇ ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಇಟ್ಟು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡ್ತಾರಲ್ಲ, ಗೇರಲ್ಲಿದ್ರೆ ಹಿಂದಿನ ಚಕ್ರ ಮೈಮೇಲೇ ಹತ್ತುತ್ತೆ.

ಪ್ರಶ್ನೆ: ರೈಲ್ವೆ ಸಿಗ್ನಲಲ್ಲೂ ನ್ಯೂಟ್ರಲ್ ರಿಲೇ ಅಂತಾರೆ, ಅದ್ಯಾವ್ದು?
- ಐಟಿಐ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಅದು ಮೂರನೇದು. ಕಾಯಿಲಲ್ಲಿ ಡಿಸಿ ಯಾವ ದಿಕ್ಕಿಗೆ ಹರಿದ್ರೂ ಎತ್ತೋ (ಆನ್ ಆಗೋ) ರಿಲೇ, ಪ್ಲಸ್ ಮೈನಸ್ ಅದಲುಬದಲಾದ್ರೂ ಅದಕ್ಕೆ ಪರವಾಗಿಲ್ಲ. ನಮ್ಮ ರೈಲ್ವೆಲಿ 24 ವೋಲ್ಟಿನ ಕ್ಯೂಎನ್1 ಅನ್ನೋ ಮಾದರಿ ಅಂಥದ್ದೇ. ಎಲೆಕ್ಟ್ರಿಕ್ ರೈಲಿನ 25 ಕೆವಿ ಲೈನ್ ಪಕ್ಕದಲ್ಲಿ ಎಸಿ ಇಂಡಕ್ಷನ್ ಕಾಟ (ಪಕ್ಕದ ವೈರಲ್ಲಿ ತಾನಾಗೇ ಎಸಿ ಹುಟ್ಟೋದು) ಇರೋ ಕಡೆ ಅದಕ್ಕೆ ಜಗ್ಗದ ಕ್ಯೂಎನ್‌ಎ1 ಹಾಕ್ತಾರೆ.