‘ಅಲ್ಫಾಲ್ಫಾ’ ಅಂದರೆ ಅರಬ್ಬಿಯಲ್ಲಿ ‘ಎಲ್ಲ ಆಹಾರಗಳ ಅಪ್ಪ’ ಅಂತಲೇ?

ಅಲ್ಫಾಲ್ಫಾ ಎಂಬ ಸೊಪ್ಪಿನ ಗಿಡದ ಟಾನಿಕ್ ಬಾಟಲಿಯ ಜೊತೆ ಬಂದ ಚೀಟಿಯಲ್ಲಿ ಹೀಗೆ ಓದಿದೆ, ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಈ ಅರ್ಥವನ್ನು ನಾನೂ ಹತ್ತಾರು ಕಡೆ ಓದಿದ್ದೇನೆ. ಮಾರುವವರಿಗೆ ಒಳ್ಳೆಯ ಅನುಕೂಲ, ಅಷ್ಟೇ. ಅರಬ್ಬಿಯಲ್ಲಿ ಅಪ್ಪನಿಗೆ ‘ಅಬು’, ಆಹಾರಕ್ಕೆ ‘ತಆಮ್’. ಎಷ್ಟು ಹಿಂಡಿದರೂ ಈ ಪದದಿಂದ ಅವೆರಡೂ ಹೊರಡುವುದಿಲ್ಲ.

ಮೊದಲಿನ ‘ಅಲ್’ ಇಂಗ್ಲಿಷಿನ ‘ದಿ’ ಇದ್ದ ಹಾಗೆ. ಗಿಡದ ಹೆಸರು ‘ಫಸ್ಫಸಾ’. ‘ಫಿಸ್ಫಿಸಾ’ ಅಂತಲೂ ಇದೆ. ಸ್ಪೇನಿನಲ್ಲಿ ಅರಬ್ಬರ ಆಳ್ವಿಕೆಯಿದ್ದ ಕಾಲದಲ್ಲಿ ‘ಅಲ್‌-ಫಸ್ಫಸಾ’ ಅಲ್ಲಿಯವರ ಬಾಯಲ್ಲಿ ಸವೆದು ‘ಅಲ್ಫಾಲ್ಫಾ’ ಆಯಿತು. ಸ್ಪೇನಿನವರು ಅದನ್ನು ಅಮೆರಿಕಕ್ಕೆ ಒಯ್ದರು, ಅಲ್ಲಿಂದ ಇಂಗ್ಲಿಷಿಗೆ ಬಂತು.

ಇನ್ನೂ ಸ್ವಾರಸ್ಯವಿರುವುದು ಇದರ ಹಿಂದೆ. ‘ಫಸ್ಫಸಾ’ ಅರಬ್ಬರ ಸ್ವಂತ ಪದವೂ ಅಲ್ಲ. ಇರಾನಿನ ಭಾಷೆಯಾದ ಪಾರಸಿಯಿಂದ ತಂದದ್ದೆಂದು ಅವರ ಹಳೆಯ ನಿಘಂಟುಕಾರರೇ ಬರೆದಿಟ್ಟಿದ್ದಾರೆ. ಮೂಲ ರೂಪ ‘ಅಸ್ಪಸ್ತ್’. ಇದರಲ್ಲಿ ‘ಅಸ್ಪ್’ ಅಂದರೆ ಕುದುರೆ, ಸಂಸ್ಕೃತದ ‘ಅಶ್ವ’ದ ಒಡಹುಟ್ಟು. ಉಳಿದ ತುಂಡು ತಿನ್ನುವುದಕ್ಕೆ ಸಂಬಂಧಿಸಿದ್ದು. ಒಟ್ಟು ಸೇರಿದರೆ ಕುದುರೆ ಮೇವು. ಅರಬ್ಬಿಯಲ್ಲಿ ‘ಪ’ ಇಲ್ಲ, ಹಾಗಾಗಿ ‘ಫ’ ಬಂತು. ‘ಪಿಪ್ಪಲಿ’ ಪಾರಸಿಯ ಮೂಲಕ ಹೋಗಿ ಅರಬ್ಬಿಯಲ್ಲಿ ‘ಫಿಲ್ಫಿಲ್’ ಆದದ್ದೂ ಹೀಗೆಯೇ. ನಾವು ಅದೇ ‘ಪ’ವನ್ನು ‘ಹ’ ಮಾಡಿ ‘ಹಿಪ್ಪಲಿ’ ಅಂದೆವು!

ಆ ಮೇವಿಗೆ ಎಂಥ ಬೆಲೆಯಿತ್ತು ಅಂತ ನೋಡಿ. 6ನೇ ಶತಮಾನದಲ್ಲಿ ಇರಾನಿನ ದೊರೆ ಮೊದಲನೇ ಖುಸ್ರೊ ಗೊತ್ತುಮಾಡಿದ ಕಂದಾಯದ ದರವನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾನೆ. ಒಂದು ಜರೀಬ್ (ಆ ಕಾಲದ ನೆಲದ ಅಳತೆ) ಗೋಧಿ ಅಥವಾ ಬಾರ್ಲಿ ಹೊಲಕ್ಕೆ 1 ದಿರ್‌ಹಮ್ ಬೆಳ್ಳಿ ನಾಣ್ಯ, ದ್ರಾಕ್ಷಿ ತೋಟಕ್ಕೆ 8, ಈ ಮೇವಿನ ಹೊಲಕ್ಕೆ 7. ಹುಲ್ಲಿನಂಥ ಬೆಳೆಗೆ ಗೋಧಿಯ ಏಳು ಪಟ್ಟು ತೆರಿಗೆ! ಸೈನ್ಯದ ಬಲವೆಲ್ಲ ಕುದುರೆಯ ಮೇಲೆ ನಿಂತಿದ್ದ ರಾಜ್ಯ ಅದು. ಮೇಲಾಗಿ ಒಮ್ಮೆ ಬಿತ್ತಿದರೆ ವರ್ಷಗಟ್ಟಲೆ ಕೊಯ್ಯುತ್ತಲೇ ಇರಬಹುದು.

ಗ್ರೀಕರೂ ಇದನ್ನು ಇರಾನಿನ ಕಡೆಯಿಂದಲೇ ಪಡೆದು, ‘ಮೀಡಿಯಾ ನಾಡಿನ ಸೊಪ್ಪು’ ಅಂದರು. ಮೀಡಿಯಾ ಅಂದರೆ ಇರಾನಿನ ವಾಯವ್ಯದ ಹಳೆಯ ನಾಡು. ಸಸ್ಯಶಾಸ್ತ್ರದಲ್ಲಿ ಈ ಗಿಡದ ಕುಲಕ್ಕಿರುವ ಹೆಸರು ‘ಮೆಡಿಕಾಗೊ’ ಹುಟ್ಟಿದ್ದು ಆ ಹೆಸರಿನಿಂದ. ಮೆಡಿಸಿನ್‌ಗೂ ಅದಕ್ಕೂ ನಂಟಿಲ್ಲ, ಮುಂದಿನ ಚೀಟಿಯಲ್ಲಿ ಹಾಗೆ ಬರೆದಿದ್ದರೆ ಅದನ್ನೂ ನಂಬಬೇಡಿ.

ಅಂದ ಹಾಗೆ ಈ ಗಿಡ ನಿಮಗೆ ಅಪರಿಚಿತವೇನಲ್ಲ. ಮೆಂತೆಯ ಹತ್ತಿರದ ಬಂಧು, ಅದರ ಹಾಗೇ ಮೂರು ಮೂರು ಎಲೆ, ಹೂ ಮಾತ್ರ ನೇರಳೆ. ಹಸು ಕಟ್ಟಿದವರ ಬಾಯಲ್ಲಿ ಲೂಸರ್ನ್, ಇಲ್ಲವೇ ಕುದುರೆ ಮಸಾಲೆ. ನೋಡಿ, ಕನ್ನಡದ ಹೆಸರಲ್ಲೂ ಕುದುರೆ ನಿಂತಿದೆ. ನಮ್ಮೂರಲ್ಲಿ ಮಾತ್ರ ಒಂದು ಕುದುರೆಯನ್ನೂ ನಾನು ಕಂಡಿರಲಿಲ್ಲ. ಬಾವಿ ಪಕ್ಕದ ಎರಡು ಮಡಿ ಸೊಪ್ಪೂ ಹಸುಗಳ ಪಾಲು. ಅದನ್ನೂ ಅಪ್ಪ ಒಣಹುಲ್ಲಿನ ಜೊತೆ ಬೆರೆಸಿಯೇ ಹಾಕುತ್ತಿದ್ದರು. ಹಸಿಯದನ್ನೇ ಹೊಟ್ಟೆ ತುಂಬ ತಿಂದರೆ ಹಸುವಿಗೆ ಹೊಟ್ಟೆ ಉಬ್ಬರಿಸುತ್ತದೆ.