ಬೆಕ್ಕಿನ ಮುಖದ ಗಾಯ ತಾನಾಗಿ ಒಣಗುತ್ತದೆಯೇ?

ನೀವು ಕೇಳಿರುವುದು: ಕೊಡಗಿನ ನಾಪೋಕ್ಲು ಹತ್ತಿರದ ತೋಟದ ಮನೆ. ಗಂಡು ಬೆಕ್ಕು ರಾತ್ರಿ ಜಗಳವಾಡಿ ಬಂದಿದೆ. ಮೂಗಿನ ಮೇಲೆ ಎರಡು ಗೀರು, ಕೆನ್ನೆಯಲ್ಲಿ ಸಾಸಿವೆಯಷ್ಟು ತೂತು. ಅಮ್ಮ ಅರಿಶಿನ, ತೆಂಗಿನೆಣ್ಣೆ ಹಚ್ಚಿದ್ದಾರೆ, ಅಷ್ಟು ಸಾಕೇ?

ಗೀರುಗಳ ಚಿಂತೆ ಬಿಡಿ, ಆ ತೂತಿನ ಮೇಲೆ ಕಣ್ಣಿಡಿ. ಗೀರು ಮೇಲೆಮೇಲೆ ಇರುತ್ತದೆ, ಗಾಳಿಯಾಡುತ್ತದೆ, ಎರಡು ಮೂರು ದಿನಕ್ಕೆ ಹಕ್ಕಳೆ ಕಟ್ಟಿ ಹತ್ತು ದಿನದೊಳಗೆ ಉದುರುತ್ತದೆ. ತೂತು ಹಾಗಲ್ಲ, ಅದು ಹಲ್ಲು ನೆಟ್ಟ ಗುರುತು. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಇಳಿದು ಬಾಯಿಯ ಬ್ಯಾಕ್ಟೀರಿಯಾವನ್ನು ಚರ್ಮದಡಿ ಬಿಟ್ಟು ಬರುತ್ತದೆ. ಮೇಲಿನ ಚರ್ಮ ಬೇಗ ಕೂಡಿಕೊಳ್ಳುತ್ತದೆ, ಕೀವು ಒಳಗೇ ಉಳಿಯುತ್ತದೆ. ಎರಡರಿಂದ ಐದು ದಿನದೊಳಗೆ ಕೆನ್ನೆ ಊದಿ ಬಿಸಿಯಾಗಿ, ಮುಟ್ಟಿದರೆ ಗುರ್ ಎನ್ನುತ್ತದೆ. ಅದಕ್ಕೇ ಎಣ್ಣೆ, ಅರಿಶಿನ ಬೇಡ ಎನ್ನುವುದು. ಅರಿಶಿನ ವಿಷವಲ್ಲ. ಆದರೆ ಎಣ್ಣೆಯೊಡನೆ ಕೂದಲಿಗೆ ಮೆತ್ತಿಕೊಂಡು ತೂತನ್ನು ಮುಚ್ಚುತ್ತದೆ, ಒಳಗೆ ಏನಾಗುತ್ತಿದೆ ಎಂದು ಕಾಣುವುದೂ ಇಲ್ಲ.

ಮೊದಲು ಆ ಎಣ್ಣೆ, ಅರಿಶಿನ ತೆಗೆಯಿರಿ. ಅರ್ಧ ಲೀಟರ್ ನೀರು ಕುದಿಸಿ, ಮಟ್ಟ ಮಾಡಿದ ಒಂದು ಟೀ ಚಮಚ ಉಪ್ಪು ಕರಗಿಸಿ, ಉಗುರುಬೆಚ್ಚಗಾಗುವವರೆಗೆ ಬಿಡಿ. ಬೆಕ್ಕನ್ನು ಟವೆಲ್‌ನಲ್ಲಿ ನಾಲ್ಕೂ ಕಾಲು ಒಳಗೆ ಬರುವಂತೆ ಸುತ್ತಿ ಒಬ್ಬರು ಹಿಡಿಯಲಿ. ಗಾಜ್ ಬಟ್ಟೆಯನ್ನು ಉಪ್ಪುನೀರಿನಲ್ಲಿ ಅದ್ದಿ ಗಾಯದ ಮೇಲೆ ಒಂದೆರಡು ನಿಮಿಷ ಇಟ್ಟು, ಮೆತ್ತಗಾದ ಮೇಲೆ ಒರೆಸಿ. ಹತ್ತಿ ಬೇಡ, ಎಳೆ ಗಾಯಕ್ಕೆ ಅಂಟಿಕೊಳ್ಳುತ್ತದೆ. ಹಕ್ಕಳೆಯನ್ನು ಉಗುರಿನಿಂದ ಕೀಳಬೇಡಿ. ಸುತ್ತಲಿನ ಕೂದಲನ್ನು ಮೊಂಡು ತುದಿಯ ಕತ್ತರಿಯಿಂದ ಗಿಡ್ಡ ಮಾಡಿ, ಮೀಸೆ ಮುಟ್ಟಬೇಡಿ. ಬೀಟಾಡಿನ್ ಇದ್ದರೆ ಒಂದು ಚಮಚಕ್ಕೆ ಹತ್ತು ಚಮಚ ನೀರು ಬೆರೆಸಿ. ಹಾಲಿಲ್ಲದ ಟೀಯ ಬಣ್ಣ ಬರಬೇಕು, ಅದಕ್ಕಿಂತ ಗಟ್ಟಿ ಬೇಡ. ಕಣ್ಣಿನ ಹತ್ತಿರ ಅದೂ ಬೇಡ, ಬರೀ ಉಪ್ಪುನೀರು ಸಾಕು. ದಿನಕ್ಕೆರಡು ಸಲ, ಐದು ದಿನ ಹೀಗೆ ಮಾಡಿ.

ಡೆಟಾಲ್ ಖಂಡಿತ ಮುಟ್ಟಿಸಬೇಡಿ. ಬೆಕ್ಕಿನ ಯಕೃತ್ತಿಗೆ ಫೀನಾಲ್ ಜಾತಿಯ ವಸ್ತುಗಳನ್ನು ಒಡೆಯುವ ಶಕ್ತಿ ಬಹಳ ಕಡಿಮೆ, ಮುಖದ ಮೇಲಿನದು ಪಂಜಕ್ಕೆ ಬಂದು ಅಲ್ಲಿಂದ ಬಾಯಿಗೆ ಹೋಗುತ್ತದೆ. ನೋವಿಗೆಂದು ಡೋಲೋ ಮಾತ್ರೆಯ ಚೂರು ಕೊಡುವುದಂತೂ ಕೊಂದಂತೆಯೇ. ಅದರಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿನ ರಕ್ತವನ್ನೇ ಕೆಡಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದಾಗ ಕೆಲಸ ಮಾಡುತ್ತಿದೆ ಅನಿಸುತ್ತದೆ, ಹೊಸ ಚರ್ಮವನ್ನೂ ಸುಡುತ್ತದೆ.

ಕೊಡಗಿನಲ್ಲಿ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಗಾಯ ಒಣಗುವುದೇ ಕಷ್ಟ. ಒದ್ದೆ ಗಾಯಕ್ಕೆ ನೊಣ ಮುತ್ತುತ್ತದೆ, ಕೂದಲ ಬುಡದಲ್ಲಿ ಸಣ್ಣ ಅಕ್ಕಿ ನುಚ್ಚಿನಂಥ ಬಿಳಿ ಮೊಟ್ಟೆಯ ಗೊಂಚಲು ಕಾಣುತ್ತದೆ. ಒಂದೇ ದಿನದಲ್ಲಿ ಹುಳು ಆಗಬಹುದು. ಗಾಯ ಮುಚ್ಚುವ ತನಕ ಬೆಕ್ಕನ್ನು ತೋಟಕ್ಕೆ ಬಿಡದೆ ಒಳಗೇ ಇಡಿ. ಹುಳು ಕಂಡರೆ ದನಕ್ಕೆ ಹಾಕುವ ಹಾಗೆ ಕರ್ಪೂರ, ಟರ್ಪೆಂಟೈನ್ ಹಾಕಬೇಡಿ, ಎರಡೂ ಬೆಕ್ಕಿಗೆ ವಿಷ. ನೇರ ಪಶುವೈದ್ಯರ ಬಳಿ ಹೋಗಿ.

ಗಾಯಕ್ಕಿಂತ ಅದನ್ನು ಕೆರೆದುಕೊಳ್ಳುವುದೇ ಹೆಚ್ಚು ಕೆಡಿಸುತ್ತದೆ. ಬೆಕ್ಕು ಕೆನ್ನೆ ಕೆರೆಯುವುದು ಹಿಂಗಾಲಿನಿಂದ. ಆ ಉಗುರುಗಳ ತುದಿ ಕತ್ತರಿಸಿ. ಆದರೂ ನಿಲ್ಲಿಸದಿದ್ದರೆ ಮೂಗಿನ ತುದಿಗಿಂತ ಸ್ವಲ್ಪ ಮುಂದೆ ಬರುವಷ್ಟು ಅಗಲದ ಕೊರಳಪಟ್ಟಿ ಹಾಕಿ. ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ಅಂಚಿಗೆ ಬಟ್ಟೆ ಟೇಪ್ ಸುತ್ತಿದರೂ ನಡೆಯುತ್ತದೆ. ಪಟ್ಟಿಗೂ ಕೊರಳಿಗೂ ನಡುವೆ ಒಂದು ಬೆರಳು ತೂರಬೇಕು.

ಕೆನ್ನೆ ಊದಿದರೆ, ಒಂದು ದಿನ ಊಟ ಬಿಟ್ಟರೆ, ಕಣ್ಣು ಕಿರಿದು ಮಾಡಿ ನೀರು ಸುರಿಸಿದರೆ ಕಾಯಬೇಡಿ. ಕಣ್ಣಿಗೆ ಉಗುರು ತಗುಲಿದ ಸಂಶಯವಿದ್ದರೆ ಅದೇ ದಿನ ಹೋಗಿ. ಕುರುವನ್ನು ಮನೆಯಲ್ಲಿ ಹಿಂಡಿದರೆ ಕೀವು ಇನ್ನೂ ಒಳಕ್ಕೆ ಹರಡುತ್ತದೆ. ವೈದ್ಯರು ಅದನ್ನು ಕೊಯ್ದು ತೊಳೆದು, ಆಂಟಿಬಯಾಟಿಕ್ ಕೊಡುತ್ತಾರೆ. ಜಗಳವಾಡದ ಬೆಕ್ಕಿಗೆ ಕಣ್ಣಿನ ಕೆಳಗೆ ಊತ ಬಂದರೆ ಮೇಲಿನ ದವಡೆಹಲ್ಲಿನ ಬೇರು ಕೊಳೆತಿರಬಹುದು, ಬಾಯಿ ತೆರೆಸಿ ತೋರಿಸಿ. ಎರಡು ವಾರವಾದರೂ ಮೂಗಿನ ಹುಣ್ಣು ಮಾಯದಿದ್ದರೆ ಅದನ್ನು ಜಗಳದ ಗಾಯ ಎಂದುಕೊಳ್ಳಬೇಡಿ. ಶಿಲೀಂಧ್ರ ಸೋಂಕು ಇರಬಹುದು, ಬಿಳಿ ಮೂಗಿನ ಬೆಕ್ಕಾದರೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರೂ ಇರಬಹುದು. ಶಿಲೀಂಧ್ರ ಮನುಷ್ಯರಿಗೂ ಅಂಟುತ್ತದೆ, ಕೈಗವಸು ಹಾಕಿಯೇ ಮುಟ್ಟಿ.

ಕಚ್ಚಿದ್ದು ಯಾವ ಪ್ರಾಣಿ ಎಂದು ಗೊತ್ತಿಲ್ಲದಿದ್ದರೆ ರೇಬೀಸ್ ಲಸಿಕೆಯ ಬಗ್ಗೆ ಈಗಲೇ ವೈದ್ಯರನ್ನು ಕೇಳಿ. ಗಾಯ ತೊಳೆಯುವಾಗ ನಿಮ್ಮನ್ನೇ ಪರಚಿದರೆ, ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.